ಗಾದಿಲಿಂಗಪ್ಪನ ಉಲ್ಟಾ ಅಕ್ಷರ

ಶೇಂಗಾ ದಲಾಲಿ ಕರಿಸಿದ್ದಪ್ಪನವರು ತೀರಿಕೊಂಡು ವರ್ಷಗಳಾದರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ಬರುವ ದಾರಿಯಲ್ಲೇ ಅವರ ಅಂಗಡಿ. ಗೋಡೆಯ ಮೇಲೆ ಅವರ ಫೋಟೋ ಇದೆ, ಅದಕ್ಕೊಂದು ಗಂಧದ ಹಾರ, ಕೆಳಗೊಂದು ಕೆಂಪು ಬಲ್ಬು. ಹೋಗುವವರು ಬರುವವರು ಕೈಮುಗಿಯುತ್ತಾರೆ. ನಾನು ಮುಗಿಯುವುದಿಲ್ಲ. ನನ್ನ ಹೆಂಡತಿ ಬೈಯುತ್ತಾಳೆ. "ಸತ್ತವರ ಕೂಡ ಏನ್ ಜಗಳ ನಿಮ್ದು" ಅನ್ನುತ್ತಾಳೆ. ಜಗಳ ನನ್ನ ಗೆಳೆಯ ಗಾದಿಲಿಂಗಪ್ಪನದು. ಅವನಿಗೆ ಜಗಳ ಮಾಡಲು ಬರುತ್ತಿರಲಿಲ್ಲ, ಅದಕ್ಕೇ ಅವನ ಪಾಲಿನದನ್ನೂ ನಾನೇ ಮಾಡುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮಾಸ್ತರರ ಕಡೆಗೆ ಸ್ಲೇಟು ಎಸೆದು ಶಾಲೆ ಬಿಟ್ಟವನು. ಆಮೇಲೆ ನಾನು ಕಲಿತ ಅಕ್ಷರವೆಲ್ಲ ಗಾದಿಲಿಂಗಪ್ಪ ಕಲಿಸಿದ್ದು, ಅದೂ ಉಲ್ಟಾ. ಕೊಟ್ಟೂರಿನಲ್ಲಿ ಆಗ ಒಂದು ಸಣ್ಣ ಪ್ರೆಸ್ಸಿತ್ತು. ಅವನು ಅಚ್ಚಿನ ಮೊಳೆ ಜೋಡಿಸುತ್ತಿದ್ದ, ನಾನು ಕಾಲಿನಿಂದ ತುಳಿದು ಟ್ರೆಡಲ್ ಮಷಿನ್ ಓಡಿಸುತ್ತಿದ್ದೆ. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಕಾಗದದ ಮೇಲೆ ಒತ್ತಿದಾಗ ಮಾತ್ರ ನೆಟ್ಟಗಾಗುತ್ತದೆ. ಗಾದಿಲಿಂಗಪ್ಪ ಅದನ್ನು ನಾವು ಪೇಪರು ಓದುವ ಹಾಗೆ ಓದುತ್ತಿದ್ದ.

ಪ್ರೆಸ್ಸಿಗೆ ಬಂದವರನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಬರುತ್ತಿದ್ದರು, ಕೂರುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಒಂದು ಸಲ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಎದುರಾಳಿಗಳಿಬ್ಬರೂ ನಮ್ಮ ಹತ್ತಿರವೇ ಕರಪತ್ರ ಹಾಕಿಸಿದ್ದರು. ಒಬ್ಬನು ಬಂದು ಇನ್ನೊಬ್ಬನ ಕರಪತ್ರದ ಮೊಳೆ ಜೋಡಿಸಿಟ್ಟ ಹಲಗೆಗೇ ಮೊಣಕೈ ಊರಿ ಕೂತ. ತನ್ನನ್ನು ಬೈದು ಬರೆದ ಬೈಗುಳವೆಲ್ಲ ಅವನ ಕೈಕೆಳಗೇ ಇತ್ತು. "ಇದು ಯಾವ ಲಗ್ನದ್ದು?" ಅಂತ ಕೇಳಿದ. ಗಾದಿಲಿಂಗಪ್ಪ ತಲೆ ಎತ್ತದೆ, "ದೂರದವರದ್ರಿ, ನಿಮಗ ಪರಿಚಯ ಇಲ್ಲ" ಅಂದ. ನಾನು ನಗು ತಡೆಯಲಾಗದೆ ಹಿತ್ತಲಿಗೆ ಹೋದೆ.

ಕೆಲಸ ಮುಗಿದ ಕೂಡಲೇ ಮೊಳೆಗಳನ್ನು ಬಿಚ್ಚಿ ಮರದ ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕುತ್ತಿದ್ದ. ಲಗ್ನದವರ 'ಶ್ರೀ' ಸಂಜೆಗೆ ತಿಥಿಯವರ 'ಶ್ರೀ' ಆಗುತ್ತಿತ್ತು. ಬಿಚ್ಚಿದ ಮೇಲೆ ಯಾರ ಗುಟ್ಟಿನ ಗುರುತೂ ಅಲ್ಲಿ ಉಳಿಯುತ್ತಿರಲಿಲ್ಲ. ಹೀಗಾಗಿ ಗಾದಿಲಿಂಗಪ್ಪನಿಗೆ ಒಂದು ಹೆಸರಿತ್ತು. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಜನ ತಮ್ಮೂರಿನ ಪ್ರೆಸ್ಸು ಬಿಟ್ಟು ಇವನ ಹತ್ತಿರ ಬರುತ್ತಿದ್ದರು. ಅವನ ಕೈಗೆ ಕೊಟ್ಟ ಮಾತು ಹೊರಗೆ ಹೋಗುವುದಿಲ್ಲ ಅನ್ನುವುದೇ ಅವನ ಅನ್ನವಾಗಿತ್ತು.

ಎರಡು ಸಾವಿರದ ಇಸವಿ ದಾಟಿತು, ಎಲ್ಲ ಕಡೆ ಕಂಪ್ಯೂಟರ್ ಬಂತು. ಮಾಲೀಕರು ಪ್ರೆಸ್ಸು ಮುಚ್ಚಿ ಮೊಳೆಯನ್ನೆಲ್ಲ ಗುಜರಿಗೆ ಹಾಕಿದರು. ಟ್ರೆಡಲ್ಲನ್ನೂ ಹಾಕುವವರಿದ್ದರು. ಗಾದಿಲಿಂಗಪ್ಪ ಅದನ್ನೂ ಒಂದು ಪೆಟ್ಟಿಗೆ ಮೊಳೆಯನ್ನೂ ಕೇಳಿ ತಂದು ಹಿತ್ತಲಿನ ತಗಡಿನ ಕೋಣೆಯಲ್ಲಿಟ್ಟ. ಪಡಸಾಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು ಕನ್ನಡ ಟೈಪಿಂಗ್ ಕಲಿತ. ಅವನು ಕಾರ್ಡು ತಯಾರು ಮಾಡುವುದು, ನಾನು ದಾವಣಗೆರೆಗೆ ಒಯ್ದು ಅಚ್ಚು ಹಾಕಿಸಿ ತಂದು ಮಡಚಿ ಕೊಡುವುದು. ಅವನ ಹೆಂಡತಿ ಗಾಳೆಮ್ಮ ಆ ಕಂಪ್ಯೂಟರಿಗೆ ಕಸೂತಿಯ ಹೊದಿಕೆ ಹೊಲಿದು ಹಾಕಿದ್ದಳು.

ಕಂಪ್ಯೂಟರ್ ಕೂಡಿಸಿಕೊಟ್ಟವನು ಹರಪನಹಳ್ಳಿಯ ಅರುಣಕುಮಾರ್ ಅನ್ನುವ ಹುಡುಗ. ಹೋಗುವ ಮುಂಚೆ ಹೇಳಿದ, "ಗಾದಿಲಿಂಗಣ್ಣ, ನಿಮ್ಮ ಮನಿಗೆ ಹತ್ತು ಮಂದಿ ಬಂದು ಹೋಗ್ತಾರ. ಇದಕ್ಕೊಂದು ಪಾಸ್‌ವರ್ಡ್ ಹಾಕಿರ್ತೀನಿ. ಬಂದವರು ಕೂಡ್ರಾಕ ಬ್ಯಾರೆ ಹೆಸರಿನ್ಯಾಗ ಬ್ಯಾರೆ ಜಾಗ ಮಾಡೀನಿ. ಅದರಾಗ ಅವರು ಏನು ಬೇಕಾದ್ದು ಮಾಡ್ಕೊಳ್ಳಿ, ನಿಮ್ಮ ಫೈಲು ಅವರಿಗೆ ಕಾಣಂಗಿಲ್ಲ."

ಗಾದಿಲಿಂಗಪ್ಪ ಒಪ್ಪಿಕೊಂಡ. ಆದರೆ ಆ ಪಾಸ್‌ವರ್ಡ್ ಅವನ ಮನೆಯಲ್ಲಿ ಬಹಳ ದಿನ ಬಾಳಲಿಲ್ಲ. ಅವನ ಮಗಳನ್ನು ಕೊಟ್ಟ ಚಿಗಟೇರಿಯ ಬೀಗರು ಬಂದರು. ಕಂಪ್ಯೂಟರ್ ಹೇಗಿರುತ್ತದೆ ನೋಡೋಣ ಅಂತ ಮುಂದೆ ಕೂತರು. ಗುಂಡಿ ಒತ್ತಿದರೆ ಅದು ಪಾಸ್‌ವರ್ಡ್ ಕೇಳಿತು.

"ಏನ್ರಿ ಇದು?" ಅಂದರು ಬೀಗರು.

"ಕೀಲಿ ಇದ್ದಂಗ್ರಿ. ಯಾರೂ ಮುಟ್ಟಬಾರದು ಅಂತ."

"ಯಾರೂ ಅಂದ್ರ ನಾವೂ ಅದರಾಗ ಬಂದ್ವಿ ಅನ್ನು. ನಿಮ್ಮ ಮನ್ಯಾಗ ಕಡ್ಲಿ ಡಬ್ಬಿಗೂ ಕೀಲಿ ಐತೋ ಹ್ಯಾಂಗ?"

ನಗುತ್ತಲೇ ಅಂದರು, ಆದರೆ ಅವತ್ತು ಊಟಕ್ಕೆ ನಿಲ್ಲಲಿಲ್ಲ. ಗಾಳೆಮ್ಮ ಒಳಗಿನಿಂದ ಗಂಡನಿಗೆ ಬೈದಳು. ಮನೆಗೆ ಬಂದವರ ಎದುರಿಗೆ ಪೆಟ್ಟಿಗೆಗೆ ಕೀಲಿ ಹಾಕಿದವರು ನಮ್ಮ ಕಡೆ ಯಾರಿದ್ದಾರೆ? ಗಾದಿಲಿಂಗಪ್ಪ ಅರುಣಕುಮಾರನಿಗೆ ಫೋನು ಮಾಡಿ ಪಾಸ್‌ವರ್ಡ್ ತೆಗೆಯುವುದನ್ನು ಕೇಳಿಕೊಂಡು ತೆಗೆದುಬಿಟ್ಟ. ಬಂದವರಿಗೆ ಅಂತ ಮಾಡಿದ್ದ ಬೇರೆ ಜಾಗವೂ ಹೋಯಿತು. ಬೀಗರು ಮತ್ತೆ ಬಂದು ಹೋಳಿಗೆ ಉಂಡು ಹೋದರು.

ಅದೇ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಕರಿಸಿದ್ದಪ್ಪನವರು ಬಂದರು. ಮಾರ್ಕೆಟ್ಟಿನ ದೊಡ್ಡ ಸಾವ್ಕಾರ್ರು, ಯಾರ ಮನೆಗೂ ಹೋದವರಲ್ಲ. ಧೋತರದ ಚುಂಗು ಹಿಡಿದುಕೊಂಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರು. ನಾನು ಮೂಲೆಯಲ್ಲಿ ಕಾರ್ಡು ಮಡಚುತ್ತಿದ್ದೆ. ಏನೋ ಹೇಳಹೋಗಿ, ನನ್ನ ಕಡೆ ನೋಡಿ ನಿಲ್ಲಿಸಿದರು.

"ಅವನು ನಮ್ಮ ಹಾಲೇಶಪ್ಪರಿ," ಅಂದ ಗಾದಿಲಿಂಗಪ್ಪ. "ಅವನಿಗೆ ಸಿಟ್ಟು ಬರ್ತೈತಿ, ಅದೊಂದು ಬಿಟ್ರ ಏನೂ ತೊಂದ್ರಿ ಇಲ್ಲ."

ಕರಿಸಿದ್ದಪ್ಪನವರು ಕೂತು ಟೋಪಿ ತೆಗೆದರು. "ಗಾದಿಲಿಂಗ, ಒಂದು ಗಣಾರಾಧನಿ ಕಾರ್ಡು ಮಾಡ್ಬೇಕಾಗೈತಿ."

"ಯಾರ್ದ್ರಿ ಸಾವ್ಕಾರ್ರೆ? ಯಾರು ಹೋದ್ರು?"

"ಯಾರೂ ಹೋಗಿಲ್ಲ. ನಂದು."

ದಾವಣಗೆರೆಯ ಡಾಕ್ಟರು ಹೇಳಿದ್ದನ್ನು ಅವರು ಬೇರೆ ಯಾರದೋ ಮೈಯ ಸುದ್ದಿ ಹೇಳುವಂತೆ ಹೇಳಿದರು. ಮನೆಯಲ್ಲಿ ಇನ್ನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆಮೇಲೆ ಬಂದ ಕಾರಣ ಹೇಳಿದರು. ಅವರಿಗೊಬ್ಬ ಮಗಳು, ಅಮೃತಾ. ಕುರಿ ಸಾಕುವ ಮನೆತನದ ಕಾಂತೇಶ್ ಅನ್ನುವವನನ್ನು ಮದುವೆಯಾಗಿ ಹೂವಿನಹಡಗಲಿಯಲ್ಲಿದ್ದಳು. ಅವನು ಮಲ್ಲಿಗೆ ಹೂವಿನ ವ್ಯಾಪಾರ ಮಾಡುತ್ತಿದ್ದ. ಆ ಮದುವೆಯಾದ ದಿನದಿಂದ ಮಗ ಸೋಮಶೇಖರ್ ಮನೆಯಲ್ಲಿ ಅವಳ ಹೆಸರು ಎತ್ತಗೊಡುತ್ತಿರಲಿಲ್ಲ.

"ಅವರವ್ವ ಸತ್ತಾಗ ಕಾರ್ಡಿನ್ಯಾಗ ಅಮೃತಾನ ಹೆಸರು ಹಾಕಲಿಲ್ಲ. ಅಕಿ ಬರ್ಲಿಲ್ಲ. ಹೆಸರಿಲ್ಲದಾಕಿ ಯಾವ ಮುಖ ಹೊತ್ಕೊಂಡು ಬರ್ತಾಳ? ನನ್ನ ಕಾರ್ಯಕ್ಕರ ಅಕಿ ಬರ್ಬೇಕು. ದುಃಖತಪ್ತರು ಅಂತ ಬರೀತೀರಲ್ಲ ಕೆಳಗ, ಅಲ್ಲಿ ಸೋಮಶೇಖರನ ಹೆಸರಿನ ಬೆನ್ನಿಗೆ ಅಮೃತಾ ಅಂತ ಬರಿ. ಅಮೃತಾ, ಅಳಿಯ ಕಾಂತೇಶ್, ಹಡಗಲಿ. ತಾರೀಖು ಬಿಡು, ಅದನ್ನ ಆಮ್ಯಾಲ ತುಂಬು."

"ಮಗನಿಗೆ ನೀವ ಒಂದ್ ಮಾತು ಹೇಳಿದ್ರ ಛಲೋ ಇತ್ತಲ್ರಿ," ಅಂದ ಗಾದಿಲಿಂಗಪ್ಪ ಮೆಲ್ಲಗೆ.

"ಅವನ ಮುಂದ ನನಗ ಬಾಯಿ ಬರಂಗಿಲ್ಲ." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. "ಹೆಣದ ಮುಂದ ಯಾರೂ ಜಗಳ ಮಾಡಂಗಿಲ್ಲ. ನಾ ಕಣ್ಣು ಮುಚ್ಚಿದ ಕೂಡ್ಲೇ ಅಚ್ಚು ಹಾಕ್ಸಿ ಊರಿಗೆ ಹಂಚಿಬಿಡು. ಹಂಚಿದ ಮ್ಯಾಲ ಅವನು ಏನು ಮಾಡ್ತಾನ? ಅಲ್ಲೀತನಕ ಇದು ನಿನ್ನ ಹೊಟ್ಯಾಗ ಇರ್ಲಿ. ನಾನಾಗೆ ಹೇಳೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಮಾತು ಕೊಡು."

ಗಾದಿಲಿಂಗಪ್ಪ ಮಾತು ಕೊಟ್ಟ. ಬಾಯಿಯ ಮಟ್ಟಿಗೆ ಅವನು ಆ ಮಾತನ್ನು ಉಳಿಸಿಕೊಂಡ. ಆದರೆ ಮೊಳೆ ಜೋಡಿಸುವವನ ಬುದ್ಧಿ ಕೈ ಬಿಡಬೇಕಲ್ಲ. ಪ್ರೆಸ್ಸಿನಲ್ಲಿ ಬಾಕಿ ಉಳಿದ ಕೆಲಸವನ್ನು ದಾರ ಕಟ್ಟಿ ಎದುರಿಗೇ ಇಟ್ಟು, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗಿರಾಕಿಯ ಹೆಸರು ಬರೆಯುತ್ತಿದ್ದ. ಕೈತಪ್ಪಿ ಹೋಗದಿರಲಿ ಅಂತ. ಇಲ್ಲಿಯೂ ಹಾಗೇ ಮಾಡಿದ. ಕಂಪ್ಯೂಟರ್ ತೆರೆದ ಕೂಡಲೇ ಕಾಣುವ ಜಾಗದಲ್ಲಿ ಫೈಲು ಇಟ್ಟ. ಅದಕ್ಕೆ ಕರಿಸಿದ್ದಪ್ಪ ಅಂತ ಹೆಸರು ಕೊಟ್ಟ. ಈ ಪರದೆಯ ಮೇಲೆ ಅಕ್ಷರ ನೆಟ್ಟಗೆ ನಿಂತಿರುತ್ತದೆ, ಎಂಥವನೂ ಓದಬಹುದು ಅನ್ನುವುದು ಇಷ್ಟು ವರ್ಷ ಉಲ್ಟಾ ಅಕ್ಷರದ ನಡುವೆ ಬದುಕಿದವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಪಿಯುಸಿ ರಿಸಲ್ಟು ಬಂದ ದಿನ ಅವನ ಪಡಸಾಲೆ ಸಂತೆಯಾಗಿತ್ತು. ಊರಲ್ಲಿ ಇಂಟರ್‌ನೆಟ್ಟಿದ್ದ ಮನೆಗಳು ಕೆಲವೇ. ಎಲ್ಲರೂ ಹೋದ ಮೇಲೆ ಸೋಮಶೇಖರ್ ಬಂದ. ಅವನ ಮಗಳು ಸುಮಲತಾ ಪರೀಕ್ಷೆ ಬರೆದಿದ್ದಳು.

"ಬರ್ರಿ ಸಣ್ಣ ಸಾವ್ಕಾರ್ರೆ," ಅಂತ ಗಾದಿಲಿಂಗಪ್ಪ ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. ನಂಬರು ಹಾಕುವುದನ್ನು ತೋರಿಸಿ, "ಲೈನು ಸಾವಕಾಶ ಐತ್ರಿ, ಹೊತ್ತು ಹಿಡೀತೈತಿ. ಚಾ ತರ್ತೀನಿ" ಅಂತ ಒಳಗೆ ಹೋದ. ದೊಡ್ಡವರ ಮಗ ಕೂತಾಗ ಬೆನ್ನ ಹಿಂದೆ ಕಾವಲು ನಿಲ್ಲುವುದು ಅವನಿಗೆ ಸರಿಕಾಣಲಿಲ್ಲ.

ನಾನು ಹೊರಗೆ ಕಟ್ಟೆಯ ಮೇಲಿದ್ದೆ. ಕಿಟಕಿಯಿಂದ ಕಾಣುತ್ತಿತ್ತು. ರಿಸಲ್ಟು ಬರಲಿಲ್ಲ. ಸೋಮಶೇಖರ್ ಬೇಸರಕ್ಕೆ ಅದನ್ನು ಮುಚ್ಚಿದ, ಹಿಂದಿನ ಪರದೆ ಬಂತು, ಅಪ್ಪನ ಹೆಸರು ಕಂಡಿತು. ಒತ್ತಿದ. ಅದರಲ್ಲಿ ಅವನ ತಪ್ಪಿದೆ ಅಂತ ನಾನು ಈಗಲೂ ಹೇಳುವುದಿಲ್ಲ. ಅಪ್ಪನ ಹೆಸರು ಕಂಡರೆ ಯಾರಾದರೂ ಒತ್ತುತ್ತಾರೆ.

ಗಾದಿಲಿಂಗಪ್ಪ ಚಹಾದ ಲೋಟ ಹಿಡಿದು ಹೊರಬರುವಷ್ಟರಲ್ಲಿ ಅವನು ಎದ್ದು ನಿಂತಿದ್ದ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು: ನಮ್ಮ ಪೂಜ್ಯ ತಂದೆಯವರಾದ ಶ್ರೀ ಕರಿಸಿದ್ದಪ್ಪನವರು ಲಿಂಗೈಕ್ಯರಾದ ಪ್ರಯುಕ್ತ.

"ಏನಲೇ ಇದು?" ಅಂದ ಸೋಮಶೇಖರ್. "ನಮ್ಮಪ್ಪ ಅಂಗಡ್ಯಾಗ ಕುಂತು ಶೇಂಗಾ ತಿನ್ನಾಕ್ಹತ್ಯಾರ. ನೀನು ಅವರ ತಿಥಿ ಕಾರ್ಡು ಮಾಡಿ ಇಟ್ಟೀಯಲ್ಲ."

ಗಾದಿಲಿಂಗಪ್ಪ ಲೋಟ ಕೆಳಗಿಟ್ಟ.

"ಅಕಿ ಹೆಸರು ಬ್ಯಾರೆ ಹಾಕಿ. ಯಾರು ಹೇಳಿದ್ರು ಹಾಕಂತ? ಹಡಗಲ್ಯಾಗಿಂದ ಯಾರರ ಬಂದಿದ್ರೇನು? ಆಸ್ತಿಗೆ ಗಾಳ ಹಾಕಾಕ್ಹತ್ಯಾರೇನು ನಿನ್ನ ಕೈಲೆ?"

"ಇಲ್ರಿ."

"ಹಂಗಾದ್ರ ನಡಿ ಅಂಗಡಿಗೆ."

ಗಿರಾಕಿಗಳಿಗೆ ಕರಡು ತೋರಿಸಲು ಇಟ್ಟಿದ್ದ ಸಣ್ಣ ಪ್ರಿಂಟರಿನಲ್ಲಿ ಅದನ್ನು ಪ್ರಿಂಟು ತೆಗೆಸಿಕೊಂಡು ಅವನು ಮುಂದೆ, ಗಾದಿಲಿಂಗಪ್ಪ ಹಿಂದೆ, ಅವನ ಹಿಂದೆ ನಾನು. ಅಂಗಡಿಯಲ್ಲಿ ಶೇಂಗಾ ಚೀಲ ಇಳಿಸುವ ಹಮಾಲರಿದ್ದರು, ಹಗರಿಬೊಮ್ಮನಹಳ್ಳಿ ಕಡೆಯ ಇಬ್ಬರು ವ್ಯಾಪಾರಿಗಳಿದ್ದರು. ಕರಿಸಿದ್ದಪ್ಪನವರು ಗಾದಿಯ ಮೇಲೆ ದಿಂಬಿಗೆ ಒರಗಿದ್ದರು. ಮಗ ಕಾಗದವನ್ನು ಅವರ ಮುಂದೆ ಹಿಡಿದ.

"ಅಪ್ಪಾಜಿ, ಇದನ್ನ ನೀವು ಬರೆಸೀರೇನು?"

ಅವರು ಓದಿದರು. ಓದಿ ಮಗನ ಮುಖ ನೋಡಿದರು, ಆಮೇಲೆ ವ್ಯಾಪಾರಿಗಳನ್ನು ನೋಡಿದರು. ಗಾದಿಲಿಂಗಪ್ಪ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ನಾನು ಅವರ ತುಟಿ ನೋಡುತ್ತಿದ್ದೆ.

"ನನಗ್ಯಾಕ ಬೇಕಪ್ಪ ಇದು," ಅಂದರು ಕರಿಸಿದ್ದಪ್ಪನವರು. "ನಾ ಇನ್ನೂ ಗಟ್ಟಿ ಅದೀನಿ."

ಹಮಾಲರು ನಕ್ಕರು. ವ್ಯಾಪಾರಿಯೊಬ್ಬ, "ಗಾದಿಲಿಂಗಪ್ಪ, ನಂದೂ ಒಂದು ಮಾಡಿ ಇಟ್ಟಿರು, ಆಮ್ಯಾಲ ಗಡಿಬಿಡಿ ಆಗ್ತೈತಿ" ಅಂದ. ಮತ್ತೆ ನಕ್ಕರು.

ನಾನು "ಸಾವ್ಕಾರ್ರೆ" ಅಂತ ಒಂದು ಹೆಜ್ಜೆ ಮುಂದಿಟ್ಟೆ. ಗಾದಿಲಿಂಗಪ್ಪ ನನ್ನ ಮಣಿಕಟ್ಟು ಹಿಡಿದ. ಮೊಳೆ ಹಿಡಿದು ಹಿಡಿದು ಅವನ ಬೆರಳು ಕಬ್ಬಿಣದಂತಾಗಿದ್ದವು. "ಸುಮ್ನಿರಲೇ, ಮಾತು ಕೊಟ್ಟಾಂವ ನಾನು" ಅಂತ ಕಿವಿಯಲ್ಲಿ ಅಂದ. ಆಮೇಲೆ ಅವರ ಕಡೆ ತಿರುಗಿ, "ತಪ್ಪಾತ್ರಿ. ನಮೂನಿಗೆ ಅಂತ ಮಾಡಿದ್ದೆ" ಅಂದ.

"ನಮೂನಿಗೆ ಊರಾಗ ಬ್ಯಾರೆ ಯಾರ ಹೆಸರೂ ಸಿಗ್ಲಿಲ್ಲೇನು?" ಅಂದ ಸೋಮಶೇಖರ್. ಕರಿಸಿದ್ದಪ್ಪನವರು ತಲೆ ತಗ್ಗಿಸಿ ಕಾಗದವನ್ನು ಸಣ್ಣಗೆ ಮಡಚುತ್ತಿದ್ದರು. ಸೋಮಶೇಖರ್ ತಿರುಗಿ ಗಾದಿಲಿಂಗಪ್ಪನ ಮನೆಗೆ ಬಂದು, ಪಕ್ಕದಲ್ಲಿ ನಿಂತು, ಫೈಲನ್ನು ಅಳಿಸಿಸಿದ. ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ಅಳಿಸಿಸಿದ. ಚಹಾದ ಲೋಟ ಅಲ್ಲೇ ಕೆನೆಗಟ್ಟಿತ್ತು.

ಸುದ್ದಿ ಮಾರ್ಕೆಟ್ಟಿನಿಂದ ಓಣಿಗಳಿಗೆ ಹರಡಿತು. ಗಾದಿಲಿಂಗಪ್ಪ ಬದುಕಿದವರ ತಿಥಿ ಕಾರ್ಡು ಮಾಡಿ ಕಾಯುತ್ತಿರುತ್ತಾನೆ ಅಂದರು. ಲಗ್ನದ ಕಾರ್ಡಿಗೆ ಅಲ್ಲಿಗೆ ಯಾರು ಹೋಗುತ್ತಾರೆ? ನಿಶ್ಚಯವಾದ ಒಂದು ಮನೆಯವರು ಕೊಟ್ಟ ಕೆಲಸವನ್ನು ವಾಪಸು ತೆಗೆದುಕೊಂಡರು. "ಮನಸ್ಸಿಗೆ ಒಂಥರಾ ಆಗ್ತೈತ್ರಿ" ಅಂತ ಹೆಣ್ಣಿನ ತಾಯಿ ಗಾಳೆಮ್ಮನ ಎದುರಿಗೇ ಹೇಳಿದಳು. ಇವನ ಹತ್ತಿರ ಕೊಟ್ಟದ್ದನ್ನು ಯಾರು ಬೇಕಾದರೂ ಬಂದು ನೋಡಬಹುದು ಅನ್ನುವ ಮಾತೂ ಹುಟ್ಟಿತು. ಆ ಎರಡನೆಯ ಮಾತು ನಿಜವಾಗಿತ್ತು, ಅದಕ್ಕೇ ಅದು ಅವನಿಗೆ ಹೆಚ್ಚು ನಾಟಿತು.

ಆಗ ಅವನು ಪಾಸ್‌ವರ್ಡ್ ಹಾಕಿದ. ಬಂದವರಿಗೆ ಬೇರೆ ಜಾಗವನ್ನೂ ಮಾಡಿಸಿದ. ಬರುವವರು ಯಾರೂ ಇರಲಿಲ್ಲ.

"ಅವರ ಮನಿಗೆ ಹೋಗಿ ಕೇಳು," ಅಂತ ನಾನು ದಿನಾ ಕೂಗಾಡುತ್ತಿದ್ದೆ. "ಒಂದ್ ಮಾತು ಹೇಳ್ರಿ ಅನ್ನು. ಇಲ್ಲಾ, ನಾ ಹೋಗಿ ಚೌಕದಾಗ ನಿಂತು ಹೇಳ್ತೀನಿ."

"ಅವರು ಸಾಯಾಕ್ಹತ್ಯಾರಲೇ," ಅನ್ನುತ್ತಿದ್ದ. "ಹೇಳ್ತಾರ. ಹೇಳ್ದ ಹೋಗಂಗಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಇಬ್ಬರೂ ಎದುರಾದರು. ನಾನೂ ಇದ್ದೆ. ಕರಿಸಿದ್ದಪ್ಪನವರು ನಿಂತರು, ಏನೋ ಹೇಳುವಂತೆ ಗಂಟಲು ಸರಿಮಾಡಿಕೊಂಡರು. ಆಮೇಲೆ, "ಆರಾಮ ಅದೀಯೇನು ಗಾದಿಲಿಂಗ" ಅಂದು ಮುಂದೆ ಹೋದರು.

ಶ್ರಾವಣದಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿದ ಮರುದಿನ ಗಾದಿಲಿಂಗಪ್ಪ ಆ ಮನೆಗೆ ಹೋದ. ತಾವಾಗೇ ಹೇಳುವುದಕ್ಕೆ ಇನ್ನು ಅವರಿರಲಿಲ್ಲ, ಇವನ ಬಾಯಿಗೂ ಕಟ್ಟು ಇರಲಿಲ್ಲ.

"ಸಣ್ಣ ಸಾವ್ಕಾರ್ರೆ, ಅವತ್ತು ಆ ಕಾರ್ಡು ನಿಮ್ಮ ಅಪ್ಪಾಜಿನ ಬರೆಸಿದ್ದು. ಮಗಳ ಹೆಸರು ಅವರ ಹಾಕ್ಸಿದ್ರು."

ಸೋಮಶೇಖರ್ ಅತ್ತು ಅತ್ತು ಕಣ್ಣು ಕೆಂಪಾಗಿ ಕೂತಿದ್ದ. ಈ ಸಲ ಕೂಗಲಿಲ್ಲ. "ನಮ್ಮಪ್ಪನ್ನ ಅವರ ಬಾಯಿಲೇ ಕೇಳೀನಿ, ನಿನ್ನ ಎದುರಿಗೇ ಕೇಳೀನಿ. ಇಲ್ಲ ಅಂದಾರ. ಸತ್ತ ಮ್ಯಾಲ ಅವರ ಬಾಯಾಗ ಮಾತು ತುರುಕಬ್ಯಾಡ. ಹೋಗಿಬಿಡು."

ನಾನು ಸುಮ್ಮನಿರಲಿಲ್ಲ. ನಾನೇ ಸಾಕ್ಷಿ, ನನ್ನ ಕಣ್ಣೆದುರಿಗೆ ಬರೆಸಿದರು ಅಂತ ಅಂಗಳದಲ್ಲಿ ನಿಂತು ಒದರಿದೆ. "ಹಾಲೇಶಪ್ಪಂದು ಯಾವಾಗ್ಲೂ ಇದ್ದದ್ದ" ಅಂತ ಯಾರೋ ನನ್ನ ರಟ್ಟೆ ಹಿಡಿದು ಹೊರಗೆ ತಂದರು. ಕಾರ್ಡನ್ನು ಬೇರೆ ಊರಲ್ಲಿ ಮಾಡಿಸಿದರು. ಅದರಲ್ಲಿ ಅಮೃತಾ ಅನ್ನುವ ಹೆಸರಿರಲಿಲ್ಲ.

ಅದನ್ನು ಊರಿಗೆ ಹಂಚಿದ ದಿನ ಗಾದಿಲಿಂಗಪ್ಪ ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ. ಹಿತ್ತಲಿನ ತಗಡಿನ ಕೋಣೆಯಲ್ಲಿ ಮೊಳೆಯ ಪೆಟ್ಟಿಗೆ ಎಳೆದು ನೆನಪಿನಿಂದಲೇ ಕಾರ್ಡು ಜೋಡಿಸತೊಡಗಿದ. ಮೊಳೆಗಳ ಸಂದಿಯಲ್ಲಿ ಜೇಡ ಬಲೆ ಕಟ್ಟಿತ್ತು. ಈಗ ತಾರೀಖು ಖಾಲಿ ಬಿಡಬೇಕಾಗಿರಲಿಲ್ಲ. ಅವನ ಕಣ್ಣಿಗೆ ಪೊರೆ ಬರುತ್ತಿತ್ತು, ಅಮೃತಾಳ ಹೆಸರಿಗೆ ಬಂದಾಗ ಒಂದೊಂದು ಮೊಳೆಯನ್ನೂ ಬೆರಳಲ್ಲಿ ಸವರಿ ನೋಡಿ ಹಾಕಿದ. ನಾನು ಶಾಯಿ ಸವರಿ ಟ್ರೆಡಲ್ ತುಳಿದೆ. ಮೊದಲ ಹಾಳೆ ಮಸುಕಾಯಿತು. ಎರಡನೆಯದು ಚೆನ್ನಾಗಿ ಬಂತು. ಅದೊಂದನ್ನೇ ತೆಗೆದುಕೊಂಡು, ಸೀಮೆಎಣ್ಣೆಯಲ್ಲಿ ಮೊಳೆ ತೊಳೆದು, ಒಂದೊಂದಾಗಿ ಬಿಚ್ಚಿ ಅದರದರ ಮನೆಗೆ ಹಾಕಿದ.

ಮರುದಿನ ಹಡಗಲಿ ಬಸ್ಸು ಹತ್ತಿದೆವು. ಹೂವಿನ ಓಣಿಯಲ್ಲಿ ಕಾಂತೇಶನ ಮನೆ. ಅವನು ಒದ್ದೆ ಬಟ್ಟೆ ಹಾಸಿ ಮಲ್ಲಿಗೆ ಮೊಗ್ಗು ತುಂಬುತ್ತಿದ್ದ. ಅಪ್ಪ ಹೋದ ಸುದ್ದಿ ಮೊದಲೇ ಮುಟ್ಟಿದ್ದ ಅಮೃತಾ ಹೊರಗೆ ಬಂದಳು. ಕಾರ್ಡನ್ನು ನಿಂತೇ ಓದಿದಳು, ತನ್ನ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಕೆಳಗೆ ಕೂತಳು. ಶಾಯಿ ಇನ್ನೂ ಹಸಿ ಇತ್ತು, ಬೆರಳಿಗೆ ಹತ್ತಿತು.

"ಅಪ್ಪಾಜಿ ತಾವಾಗೆ ಹೇಳಿದ್ರಾ ಕಾಕಾ?"

"ತಾವಾಗೆ ಬಂದು ಹೇಳಿದ್ರವ್ವ. ಮಗಳು ಬರ್ಬೇಕು ಅಂದ್ರು."

"ಹಂಗಾದ್ರ ಎಲ್ಲಾರ ಮುಂದ ಯಾಕ ಇಲ್ಲ ಅಂದ್ರು?"

ಅಂಗಡಿಯ ಸಂಗತಿ ಹಡಗಲಿಗೂ ಮುಟ್ಟಿತ್ತು. ಗಾದಿಲಿಂಗಪ್ಪ ನೆಲ ನೋಡಿದ. "ಅವರಿಗೆ ಬಾಯಿ ಬರ್ಲಿಲ್ಲವ್ವ," ಅಂದ.

"ಈ ಕಾರ್ಡು ಹಿಡ್ಕೊಂಡು ಹೋಗ್ಲೇನು ನಾನು?" ಅಂತ ಅವಳು ಗಂಡನನ್ನು ಕೇಳಿದಳು.

ಕಾಂತೇಶ್ ಬುಟ್ಟಿಯಿಂದ ಕೈ ತೆಗೆದ. "ಊರಿಗೆ ಹಂಚಿದ ಕಾರ್ಡು ಬ್ಯಾರೆ ಐತಿ. ಇದೊಂದನ್ನ ಹಿಡ್ಕೊಂಡು ಹೋದ್ರ, ಇದನ್ನೂ ನಾವ ಮಾಡ್ಸೀವಿ ಅಂತಾರ. ಬೈಸ್ಕೊಂಡು ಬರ್ತೀಯೇನು?"

ಅವಳು ಹೋಗಲಿಲ್ಲ. ಕಾರ್ಡನ್ನು ದೇವರ ಜಗುಲಿಯ ಮೇಲೆ ಇಟ್ಟಳು. ನಮಗೆ ಉಣ್ಣಲು ನೀಡಿದಳು, ಬಸ್ಸಿನ ತನಕ ಬಂದು ಗಾಳೆಮ್ಮನಿಗೆ ಅಂತ ಒಂದು ಮೊಳ ಹೂವು ಕಟ್ಟಿಕೊಟ್ಟಳು. ಕೊಟ್ಟೂರು ಮುಟ್ಟುವಷ್ಟರಲ್ಲಿ ಅದು ಬಾಡಿತ್ತು.

ಆಮೇಲೆ ಗಾದಿಲಿಂಗಪ್ಪ ಹರಪನಹಳ್ಳಿಯ ಅಂಗಡಿಯೊಂದಕ್ಕೆ ಟೈಪು ಮಾಡಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಅಂಗೈಯಿಂದ ಪರದೆ ಮುಚ್ಚುತ್ತಿದ್ದನಂತೆ. ಅಲ್ಲಿಯ ಹುಡುಗರು ನಗುತ್ತಿದ್ದರಂತೆ. ಕಣ್ಣು ಪೂರ್ತಿ ಮಂಜಾದ ಮೇಲೆ ಮನೆಯಲ್ಲೇ ಉಳಿದ. ಸಾಯುವ ಹಿಂದಿನ ವಾರ ನಾನು ಹೋಗಿ ಪಕ್ಕದಲ್ಲಿ ಕೂತಾಗ, ಕರಿಸಿದ್ದಪ್ಪನವರ ಹೆಸರು ಎತ್ತಿ ಬೈದೆ.

"ಅವರೇನು ದೊಡ್ಡದು ಕೊಡಬೇಕಾಗಿರ್ಲಿಲ್ಲ ಬಿಡಲೇ," ಅಂದ ಅವನು. "ಹೌದಪ್ಪ, ನಾನ ಬರೆಸೀನಿ. ಇಷ್ಟ ಅಂದಿದ್ರ ಸಾಕಿತ್ತು."

ಮೊನ್ನೆಯೂ ಆ ಅಂಗಡಿಯ ಮುಂದೆ ಹಾದು ಬಂದೆ. ಕೆಂಪು ಬಲ್ಬು ಉರಿಯುತ್ತಿತ್ತು, ಸೋಮಶೇಖರ್ ಗಾದಿಯ ಮೇಲೆ ಕೂತಿದ್ದ. ನಾನು ಕೈಮುಗಿಯಲಿಲ್ಲ. ಫೋಟೋದ ಬಾಯಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು ಬಂದೆ. ಅವರು ಗಾದಿಲಿಂಗಪ್ಪನಿಗೆ ಕೊಡಬೇಕಾಗಿದ್ದ ಆ ಒಂದು ಮಾತು ಬಾಕಿ ಇದೆ. ಈಗ ಕೊಡುವವರೂ ಇಲ್ಲ, ಇಸಕೊಳ್ಳುವವನೂ ಇಲ್ಲ.